ತೂಕದ ಪ್ಯಾಡ್ ಮೇಲೆ ನಿಂತ ಎಲೆಕ್ಟ್ರಿಕ್ ಕ್ಯಾಂಪರ್
ಜರ್ಮನಿಯಲ್ಲಿ ಕ್ಯಾಂಪರ್ ವ್ಯಾನ್, ಅಂದರೆ ಒಳಗೇ ಅಡುಗೆ ಮಾಡಿ ಮಲಗಬಹುದಾದ ಪ್ರವಾಸದ ಗಾಡಿ, ಕಟ್ಟುವ ಕಂಪನಿಯೊಂದರಲ್ಲಿ ನಾನು ತೂಕದ ಲೆಕ್ಕ ನೋಡಿಕೊಳ್ಳುತ್ತೇನೆ. ಎಲೆಕ್ಟ್ರಿಕ್ ಕ್ಯಾಂಪರ್ ಅಂದ ಕೂಡಲೇ ಎಲ್ಲರೂ ಕೇಳುವುದು ರೇಂಜ್ ಬಗ್ಗೆ, ಒಂದು ಚಾರ್ಜಿಗೆ ಎಷ್ಟು ದೂರ ಓಡುತ್ತದೆ ಅಂತ. ನಮ್ಮ ಮೊದಲ ಪ್ರೋಟೋಟೈಪ್ ಸಿಕ್ಕಿಹಾಕಿಕೊಂಡಿದ್ದು ತೂಕದಲ್ಲಿ, ಅದೂ ರಸ್ತೆಗೆ ಇಳಿಯುವ ಮೊದಲೇ. ಆ ಸಂಜೆ ನೆನೆದರೆ ಈಗಲೂ ಬೇಜಾರಾಗುತ್ತದೆ.

ಆರು ಮೀಟರ್ ಉದ್ದದ ವ್ಯಾನ್. 68 ಕಿಲೋವ್ಯಾಟ್ ಅವರ್ ಬ್ಯಾಟರಿ. ನಾಲ್ಕು ಸೀಟು, ನಾಲ್ಕು ಜನ ಮಲಗುವಷ್ಟು ಜಾಗ. ಬ್ರೋಷರ್ ಆಗಲೇ ಪ್ರಿಂಟ್ ಆಗಿತ್ತು, ಮರುದಿನ ಡೀಲರ್‌ಗಳು ಬರುವವರಿದ್ದರು. ಬಡಗಿಗಳು ಕೊನೆಯ ಕಪಾಟು ಕೂರಿಸಿ ಇಳಿದ ಮೇಲೆ ಗಾಡಿಯನ್ನು ತೂಕದ ಪ್ಯಾಡ್ ಮೇಲೆ ಹತ್ತಿಸಿದೆವು.

ನೀರಿನ ಟ್ಯಾಂಕ್ ತುಂಬಿತ್ತು. ಡ್ರೈವರ್‌ನ 75 ಕೆಜಿ ಸೇರಿಸಿದರೆ 3,310 ಕೆಜಿ. ಯಾರೂ ಮಾತಾಡಲಿಲ್ಲ. ಗಾಡಿ ಹಿಂದೆ ತೆಗೆದು, ಪ್ಯಾಡ್ ಸೊನ್ನೆಗೆ ತಂದು, ಮತ್ತೆ ಹತ್ತಿಸಿದೆವು. ಮತ್ತೆ ಅದೇ 3,310. ಉಳಿದ ಮೂರು ಜನರಿಗೆ 225 ಸೇರಿಸಿದರೆ 3,535. ಇಲ್ಲಿನ ಬಿ ಲೈಸೆನ್ಸ್, ಅಂದರೆ ಸಾಮಾನ್ಯ ಕಾರಿನ ಲೈಸೆನ್ಸ್, ಅದರ ಮಿತಿ 3,500. ಒಂದು ಬಟ್ಟೆ ಬ್ಯಾಗ್ ಕೂಡ ಇಡುವ ಮೊದಲೇ ಮಿತಿ ದಾಟಿತ್ತು. ಅದರ ಮೇಲೆ ನಿಯಮದ ಪ್ರಕಾರ ಸಾಮಾನಿಗೆ ಅಂತ ಕನಿಷ್ಠ ಲೋಡ್ ಬೇರೆ ಬಿಡಬೇಕು: ಜನರ ಸಂಖ್ಯೆಗೆ ಉದ್ದದ ಮೀಟರ್ ಕೂಡಿಸಿ ಹತ್ತರಿಂದ ಗುಣಿಸಿದಷ್ಟು ಕೆಜಿ. ನಮಗೆ ಅದು 100.

ಮ್ಯಾನೇಜರ್ ಮೊದಲು ಹಿಡಿದಿದ್ದು ಟಾಲರೆನ್ಸ್. 'ಐದು ಪರ್ಸೆಂಟ್ ಇದೆಯಲ್ಲ?' ಟಾಲರೆನ್ಸ್ ಇರುವುದು ಕಾಗದದ ತೂಕಕ್ಕೂ ತಯಾರಾದ ಗಾಡಿಗೂ ನಡುವಿನ ವ್ಯತ್ಯಾಸಕ್ಕೆ. ಆಲ್ಪ್ಸ್ ದಾರಿಯಲ್ಲಿ ಪೊಲೀಸರು ನಿಲ್ಲಿಸಿ ತೂಗಿದರೆ ದಂಡ ಕಟ್ಟುವುದು ಗಿರಾಕಿ. ಆಮೇಲೆ 90 ಲೀಟರ್ ನೀರನ್ನು 20 ಅಂತ ತೋರಿಸೋಣ ಅಂದರು. ಓಡುವಾಗ ಟ್ಯಾಂಕಿನಲ್ಲಿ ಇಷ್ಟೇ ನೀರು ಅನ್ನುವ ಇಂಥ ಲೆಕ್ಕ ಡೀಸೆಲ್ ಗಾಡಿಗಳಲ್ಲೂ ನಡೆಯುತ್ತದೆ. ನಮಗೆ ಅದರಿಂದ 70 ಕೆಜಿ ಉಳಿಯುತ್ತಿತ್ತು, ಬೇಕಿದ್ದದ್ದು 135: ಮಿತಿ ದಾಟಿದ 35, ಲೋಡಿನ 100.

ಕೊನೆಗೆ ಹಿಂದಿನ ಎರಡು ಸೀಟು ಹೋದವು. ಸಂಸಾರದ ಗಾಡಿ ಇಬ್ಬರ ಗಾಡಿಯಾಯಿತು. ಮರುದಿನ ಡೀಲರ್‌ಗಳಿಗೆ ಇದನ್ನು ನೇರವಾಗಿ ಹೇಳಿದೆವು. ಮಕ್ಕಳಿರುವವರಿಗೆ ಮಾರಬಹುದು ಅಂತಲೇ ಬಂದಿದ್ದ ಒಬ್ಬರು ಸುಮ್ಮನೆ ಬ್ರೋಷರ್ ಮಡಚಿ ಎದ್ದು ಹೋದರು.

ಇಂಥ ಬ್ಯಾಟರಿ ಸುಮಾರು ಅರ್ಧ ಟನ್ ತೂಗುತ್ತದೆ. ಗ್ಯಾಸ್ ಸಿಲಿಂಡರ್ ತೆಗೆದು ಇಂಡಕ್ಷನ್ ಒಲೆ ಹಾಕಿದ್ದೆವು, ಅದರಿಂದ ಒಂದಿಷ್ಟು ತೂಕ ಇಳಿದಿತ್ತು. ಆದರೆ ಬಾಗಿಲಿಗೆ ದಪ್ಪ ಮರವೇ ಬೇಕು ಅಂತ ಡಿಸೈನ್ ತಂಡ ಹಟ ಹಿಡಿದಿತ್ತು. ವಾರಗಟ್ಟಲೆ ನಾನು ಕಳಿಸಿದ ತೂಕದ ಶೀಟ್ ಯಾರೂ ತೆರೆದು ನೋಡಿರಲಿಲ್ಲ. ಈ ಸಿಟ್ಟು ನನಗಿನ್ನೂ ಇಳಿದಿಲ್ಲ.

ರೇಂಜ್ ಏನು ಚಿಕ್ಕ ವಿಷಯವಲ್ಲ. ಎತ್ತರದ ಗಾಡಿ ಹೈವೇಯಲ್ಲಿ 100 ಕಿಲೋಮೀಟರಿಗೆ 35 ಕಿಲೋವ್ಯಾಟ್ ಅವರ್ ಸುಲಭವಾಗಿ ತಿನ್ನುತ್ತದೆ. ಸೋಲಾರ್ ಇದೆಯಲ್ಲ ಅನ್ನುತ್ತಾರೆ. ಛಾವಣಿಯ 400 ವ್ಯಾಟ್ ಪ್ಯಾನೆಲ್ ಬೇಸಿಗೆಯಲ್ಲಿ ದಿನಕ್ಕೆ ಎರಡು ಯೂನಿಟ್ (ಕಿಲೋವ್ಯಾಟ್ ಅವರ್) ಕೊಟ್ಟರೆ ಹೆಚ್ಚು. ಫ್ರಿಜ್, ದೀಪಕ್ಕೆ ಅದು ಧಾರಾಳ. ಓಡಿಸಲು ಆರು ಕಿಲೋಮೀಟರ್. ಕ್ಯಾಂಪ್‌ಸೈಟ್‌ನ ನೀಲಿ ಪ್ಲಗ್ 10 ಆಂಪಿಯರ್ ಇದ್ದರೆ ರಾತ್ರಿಯಿಡೀ ಹತ್ತು ಗಂಟೆ ಹಾಕಿದರೂ ಸಿಗುವುದು 23 ಯೂನಿಟ್. ಒಂದೇ ಜಾಗದಲ್ಲಿ ಎರಡು ರಾತ್ರಿ ಉಳಿಯುವವರಿಗೆ ಇದು ಚೆನ್ನಾಗಿ ಹೊಂದುತ್ತದೆ. ದಿನಕ್ಕೆ 500 ಕಿಲೋಮೀಟರ್ ಓಡುವವರಿಗೆ ಹೊಂದುವುದಿಲ್ಲ. ಇಂಜಿನ್ ಸದ್ದಿಲ್ಲ, ಗ್ಯಾಸ್ ಭಯವಿಲ್ಲ. ಅಂಥ ಗಾಡಿಯಲ್ಲಿ ಅನ್ನ ಸಾರು ಮಾಡಿಕೊಂಡು ಮಲಗಿದ ಮೇಲೆ ಡೀಸೆಲ್ ವ್ಯಾನಿಗೆ ವಾಪಸ್ ಹೋಗಲು ನನಗಂತೂ ಮನಸ್ಸಿಲ್ಲ.

ತೂಕದ ಗಂಟು ಬಿಡಿಸಬೇಕಾದ್ದು ಕಾನೂನು. 1999ಕ್ಕೆ ಮೊದಲು ಇಲ್ಲಿ ಕಾರಿನ ಲೈಸೆನ್ಸ್ ಪಡೆದವರು 7.5 ಟನ್‌ವರೆಗೆ ಓಡಿಸಬಹುದು. ಚಿಕ್ಕ ವಯಸ್ಸಿನವರಿಗೆ ಆ ಅವಕಾಶವಿಲ್ಲ. ಯುರೋಪಿಯನ್ ಒಕ್ಕೂಟ 2025ರಲ್ಲಿ ಒಪ್ಪಿದ ಹೊಸ ಲೈಸೆನ್ಸ್ ನಿಯಮದಲ್ಲಿ ಎಲೆಕ್ಟ್ರಿಕ್ ಗಾಡಿಗಳಿಗೆ 4.25 ಟನ್ ದಾರಿ ತೆರೆದಿದೆ. ಅದನ್ನು ಜಾರಿ ಮಾಡಲು ದೇಶಗಳಿಗೆ ಇನ್ನೂ ವರ್ಷಗಳ ಗಡುವಿದೆ. ನಮ್ಮ ಕರ್ನಾಟಕದಲ್ಲಾದರೆ ಈ ತಲೆನೋವೇ ಇಲ್ಲ, ಎಲ್‌ಎಂವಿ (ಲಘು ವಾಹನ) ಲೈಸೆನ್ಸ್ 7,500 ಕೆಜಿವರೆಗೆ ನಡೆಯುತ್ತದೆ. ಅಲ್ಲಿ ನೋಡಬೇಕಾದ್ದು ಘಾಟಿಯ ಮೇಲೂ ಕೆಳಗೂ ದೊಡ್ಡ ವ್ಯಾನ್ ನಿಲ್ಲಿಸುವಂಥ ಚಾರ್ಜಿಂಗ್ ಜಾಗ ಇದೆಯಾ ಅಂತ.

ಈಗ ಮುಂದಿನ ಮಾಡೆಲ್ ಮಾತು ನಡೆದಿದೆ. ಸೇಲ್ಸ್‌ನವರಿಗೆ ಇನ್ನೂ ದೊಡ್ಡ ಬ್ಯಾಟರಿ ಬೇಕಂತೆ. ಪ್ರತಿ 10 ಕಿಲೋವ್ಯಾಟ್ ಅವರ್‌ಗೆ ಸುಮಾರು ಎಪ್ಪತ್ತು ಕೆಜಿ, ಅಂದರೆ ಹೆಚ್ಚುಕಡಿಮೆ ಒಬ್ಬ ಪ್ರಯಾಣಿಕ. ಮರ ಕತ್ತರಿಸುವ ಮೊದಲು ತೂಕದ ಶೀಟಿಗೆ ಮ್ಯಾನೇಜರ್ ಸಹಿ ಬೀಳಲೇಬೇಕು ಅಂತ ಬರೆದು ಕೊಟ್ಟಿದ್ದೇನೆ. ಸಹಿ ಇನ್ನೂ ಬಂದಿಲ್ಲ.