ಸರ್ಕಾರಿ ಶಾಲೆಯಲ್ಲಿ ಧರ್ಮಗ್ರಂಥ

ಸರ್ಕಾರಿ ಶಾಲೆ ಮಕ್ಕಳಿಗೆ ಧರ್ಮಗ್ರಂಥ ಹಂಚೋದು ಬೇಡ ಅಂತಲೇ ನನ್ನ ಅನಿಸಿಕೆ. ಗ್ರಂಥದ ಮೇಲೆ ಸಿಟ್ಟಿಲ್ಲ. ನಮ್ಮ ಮನೆ ದೇವರ ಜಗಲಿ ಮೇಲೆ ವಚನದ ಪುಸ್ತಕ ಇದೆ, ಅವ್ವ ದಿನಾ ಓದುತ್ತಾಳೆ. ಆದರೆ ಸರ್ ಕೈಯಾರೆ ಕೊಟ್ಟದ್ದನ್ನು ನಾಲ್ಕನೇ ಕ್ಲಾಸಿನ ಹುಡುಗಿ ಬೇಡ ಅನ್ನೋಕೆ ಆಗುತ್ತಾ? ಪೂರ್ತಿ ಸರ್ಕಾರದ ದುಡ್ಡಲ್ಲಿ ನಡೆಯೋ ಶಾಲೆಯಲ್ಲಿ ಧರ್ಮಬೋಧನೆ ಕೂಡದು ಅಂತ ಸಂವಿಧಾನದ 28ನೇ ವಿಧಿಯೇ ಹೇಳುತ್ತದೆ.

ನಮ್ಮ ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಂ ನೋಡಿ. ಆಗ ಕೂರಿಸೋ ಅಲಾಯಿ ದೇವರಿಗೆ, ಅಂದರೆ ಪಂಜಾಗಳಿಗೆ, ಹಿಂದೂ ಮುಸ್ಲಿಂ ಇಬ್ಬರೂ ಕೈಮುಗಿಯುತ್ತಾರೆ. ಮಕ್ಕಳು ಅದನ್ನು ಮನೆಯವರ ಕೈಹಿಡಿದು ಕಲಿತದ್ದು, ಅಲ್ವಾ?

ಎಲ್ಲ ಧರ್ಮದ ಪುಸ್ತಕ ಶಾಲೆಯ ಲೈಬ್ರರಿಯಲ್ಲಿ ಇಡಲಿ, ಬೇಕಾದವರು ಓದಲಿ. ನಮ್ಮೂರಲ್ಲಿ ಲೈಬ್ರರಿ ಅಂದರೆ ಬೀಗ ಜಡಿದ ಒಂದು ಅಲ್ಮಾರಿ. ಮೊದಲು ಆ ಬೀಗ ತೆಗೆಸಬೇಕು. ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಕೇಳುತ್ತೇನೆ.