ಇಲ್ಲ, ನಾನು ಗಿಲೀಟು ಹಾಕುವುದಿಲ್ಲ

“ನೀನು ಲ್ಯಾಬಲ್ಲಿ ಮಾಡೋದು ಗಿಲೀಟು ತಾನೆ?” ಎಂದು ಕೇಳುವವರಿಗೆಲ್ಲ ಇನ್ನು ಮೇಲೆ ಇದನ್ನೇ ಕಳಿಸುತ್ತೇನೆ. ಹೇಳಿ ಹೇಳಿ ಬಾಯಿ ನೋಯುತ್ತಿದೆ.

ಗಿಲೀಟು ಅಲ್ಲ. ಗಿಲೀಟಿಗೆ ಒಡವೆಯನ್ನು ದ್ರಾವಣದಲ್ಲಿ ಅದ್ದಿ ಕರೆಂಟ್ ಹರಿಸುತ್ತಾರೆ, ಚಿನ್ನ ಬಂದು ಕೂರುತ್ತದೆ. ನಾನು ಮೊದಲು ಚಿನ್ನದ ಕಣ ಮಾಡುತ್ತೇನೆ. ಒಂದು ಮಿಲಿಮೀಟರಿನಲ್ಲಿ ಸುಮಾರು 50,000 ಕಣ ಸಾಲಾಗಿ ನಿಲ್ಲುವಷ್ಟು ಸಣ್ಣವು. ಆಮೇಲೆ ಅವನ್ನು ಗಾಜಿನ ಮೇಲೆ ಪದರವಾಗಿ ಕೂರಿಸುತ್ತೇನೆ. ಗಾಜಿನಲ್ಲಿ ಕರೆಂಟ್ ಹರಿಯಲ್ಲ. ಮುಗೀತು.

ಹೋದ ತಿಂಗಳು ಒಂದು ಗೃಹಪ್ರವೇಶ. ಪಂಕ್ತಿಯಲ್ಲಿ ಪಕ್ಕ ಕೂತಿದ್ದ ಸೋದರತ್ತೆ, ಎಲೆಗೆ ಸಾರು ಬೀಳುವ ಮೊದಲೇ ಬಳೆ ಬಿಚ್ಚಿ ಕೊಟ್ಟರು. “ಬಣ್ಣ ಹೋಗಿದೆ ಕಣೇ, ಸ್ವಲ್ಪ ಬಳಿದುಕೊಡು. ನಿಮ್ಮಲ್ಲಿ ಚಿನ್ನ ಸುಮ್ನೆ ಬಿದ್ದಿರುತ್ತಂತಲ್ಲ.”

ಬಿದ್ದಿರುತ್ತೆ ಅತ್ತೆ. ನಾನು ಕುದಿಸುವ 100 ಮಿಲಿ ದ್ರಾವಣದಲ್ಲಿ ಇರೋದು ಸುಮಾರು 5 ಮಿಲಿಗ್ರಾಂ. ಒಂದು ಗ್ರಾಂ ಬೇಕಂದ್ರೆ ಅಡುಗೆಮನೆಯ 20 ಲೀಟರ್ ನೀರಿನ ಕ್ಯಾನ್ ತುಂಬಾ ಮಾಡಬೇಕು. ಅದೂ ಹಳದಿ ಅಲ್ಲ, ದಾಳಿಂಬೆ ರಸದ ಕೆಂಪು.

ಕೆಂಪು ಅಂದಾಗ “ಯಾಕೆ?” ಅನ್ನಬಹುದಿತ್ತಲ್ವಾ? ಅತ್ತೆ “ಹಾಗಾದ್ರೆ ಕಲಬೆರಕೆ” ಅಂದರು.

ನನ್ನನ್ನು ಯಾರಾದರೂ ಕೇಳಲಿ ಅಂತ ಕಾಯುತ್ತಿರುವ ಪ್ರಶ್ನೆಯೇ ಬೇರೆ: ಅದು ಒಣಗುವಾಗ ಏನಾಗುತ್ತೆ? ಗಾಜಿನ ಮೇಲೆ ಒಂದು ಹನಿ ಬಿಡಿ. ಅಂಚು ಗಾಜಿಗೆ ಕಚ್ಚಿಕೊಂಡು ಬೇಗ ಆರುತ್ತದೆ. ನಡುವಿನ ನೀರು ಅತ್ತ ಹರಿಯುತ್ತಾ ಕಣಗಳನ್ನೂ ಎಳೆದೊಯ್ಯುತ್ತದೆ. ಕೊನೆಗೆ ಟೇಬಲ್ ಮೇಲೆ ಚೆಲ್ಲಿದ ಕಾಫಿ ಒಣಗಿದ ಹಾಗೆ ಸುತ್ತ ಉಂಗುರ, ನಡುವೆ ಹೆಚ್ಚೇನೂ ಇಲ್ಲ. ಕಣಗಳು ಒತ್ತೊತ್ತಾಗಿ ಕೂತ ಕಡೆ ಕೆಂಪು ಹೋಗಿ ನೀಲಿ. ಒಂದೂವರೆ ತಿಂಗಳು ನಾನು ಮಾಡಿದ್ದು ಇಂಥ ಉಂಗುರಗಳನ್ನೇ. ಅತ್ತೆಗೆ ಹೇಳಲಿಲ್ಲ. ಉಂಗುರ ಅಂದಿದ್ದರೆ ಬೆರಳಿನ ಅಳತೆ ಕೊಡುತ್ತಿದ್ದರು.

ಗಾಜನ್ನು ಬುಗುರಿಯಂತೆ ತಿರುಗಿಸಿದರೆ ಪದರ ಸಮನಾಗುತ್ತದೆ, ಆದರೆ ಬಹುಪಾಲು ದ್ರಾವಣ ಹೊರಗೆ ಎರಚಿಹೋಗುತ್ತದೆ.

ನನಗೆ ಜಾಸ್ತಿ ಇಷ್ಟ, ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ವಿಜ್ಞಾನ ಸಂಶೋಧನಾ ಕೇಂದ್ರದಿಂದ ಸಿ.ಎನ್.ಆರ್. ರಾವ್ ಅವರ ತಂಡ 2003ರಲ್ಲಿ ಪ್ರಕಟಿಸಿದ ವಿಧಾನ. ಕೆಳಗೆ ನೀರು, ಮೇಲೆ ನೀರಿಗೆ ಬೆರೆಯದೆ ತೇಲುವ ಟಾಲ್ವೀನ್ ಎಂಬ ದ್ರವ. ಮೇಲಿನದರಲ್ಲಿ ಚಿನ್ನದ ಸಂಯುಕ್ತ, ಕೆಳಗಿನದರಲ್ಲಿ ಅದನ್ನು ಲೋಹ ಮಾಡುವ ರಾಸಾಯನಿಕ. ಅಲ್ಲಾಡಿಸದೆ ಬಿಟ್ಟರೆ ಎರಡೂ ಸೇರುವಲ್ಲಿ ಹಾಲಿನ ಕೆನೆಯ ಹಾಗೆ ಚಿನ್ನ ಕಟ್ಟುತ್ತದೆ. ಗಾಜಿನ ಪಟ್ಟಿ ಇಳಿಸಿ ಮೆಲ್ಲಗೆ ಎತ್ತಬೇಕು. ಕೈ ನಡುಗಿತೋ, ಪದರ ಹರಿಯಿತು.

ಬಳೆ ಇನ್ನೂ ನನ್ನ ಬ್ಯಾಗಿನಲ್ಲೇ ಇದೆ. ಶನಿವಾರ ಅವೆನ್ಯೂ ರಸ್ತೆ ಕಡೆ ಹೋಗಿ ಗಿಲೀಟು ಹಾಕಿಸಿಕೊಂಡು ಬರುತ್ತೇನೆ. ನಾನೇ ಲ್ಯಾಬಲ್ಲಿ ಹಾಕಿದ್ದು ಅಂತ ಅತ್ತೆ ಊರೆಲ್ಲ ಹೇಳುತ್ತಾರೆ, ಗೊತ್ತು.