ಫ್ರೀಜರ್‌ನಲ್ಲಿರುವ ರಿಜಿಸ್ಟರ್

ನಮ್ಮ ಮನೆಯ ಫ್ರೀಜರ್‌ನಲ್ಲಿ ಈಗ ಎರಡು ಕೆಜಿ ಹಂದಿ ಮಾಂಸ ಇದೆ. ಅದರ ಪಕ್ಕದಲ್ಲಿ ಒಂದು ಆಸ್ಪತ್ರೆ ರಿಜಿಸ್ಟರ್ ಇದೆ.

ನನ್ನ ಅಮ್ಮನ ಅಪ್ಪ ಕೊಡಗಿನ ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ಕಂಪೌಂಡರ್ ಆಗಿದ್ದರು. ತೋಟದ ಕಾರ್ಮಿಕರಿಗೆ ಮಾಲೀಕರೇ ವೈದ್ಯಕೀಯ ಸೌಲಭ್ಯ ಕೊಡಬೇಕು ಅಂತ 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆ ಹೇಳುತ್ತಿತ್ತು. ಆ ತೋಟದಲ್ಲಿ ಅದಕ್ಕೂ ಮೊದಲೇ ಒಂದು ಡಿಸ್ಪೆನ್ಸರಿ ಇತ್ತು. ಅಜ್ಜ ಹೋದರು, ಡಿಸ್ಪೆನ್ಸರಿ ಮುಚ್ಚಿತು, ಅದು ಗೊಬ್ಬರದ ಗೋದಾಮಾಯಿತು. ಈ ಮಳೆಗಾಲದಲ್ಲಿ ಅದರ ಹೆಂಚು ಜಾರಿತು. ತೋಟದ ಲೆಕ್ಕ ಬರೆಯುವ ರೈಟರ್ ಫೋನ್ ಮಾಡಿದರು. "ನಿಮ್ಮ ಅಜ್ಜನ ಕೈಬರಹದ ಪುಸ್ತಕ ಒಂದಷ್ಟು ಇದೆ ಸಾರ್. ಬೇಕಾದರೆ ಬನ್ನಿ. ಇಲ್ಲಾಂದ್ರೆ ಬಚ್ಚಲು ಒಲೆಗೆ ಹಾಕ್ತೀವಿ."

ಅವರದೇನೂ ತಪ್ಪಿಲ್ಲ. ವೈದ್ಯಕೀಯ ಪರಿಷತ್ತಿನ 2002ರ ನಿಯಮದ ಪ್ರಕಾರ ಒಳರೋಗಿಗಳ ದಾಖಲೆಯನ್ನೇ ವೈದ್ಯರು 3 ವರ್ಷ ಇಟ್ಟುಕೊಂಡರೆ ಸಾಕು. ಇವು ಬರೀ ಹೊರರೋಗಿಗಳ ಪುಸ್ತಕ, ಅದೂ ನನಗಿಂತ ಹಳೆಯವು.

ಕೊಡವರು ಮದ್ದುಸೊಪ್ಪು ತಿನ್ನುವ ದಿನವಾದ ಕಕ್ಕಡ ತಿಂಗಳ 18ರ ಮಾರನೆಯ ದಿನ ಹೋದೆ. ಹಿಂದಿನ ದಿನ ಮದ್ದುಸೊಪ್ಪಿನ ಪಾಯಸ ಗಡದ್ದಾಗಿ ತಿಂದಿದ್ದೆ. ನೇರಳೆ ಬಣ್ಣದ ಆ ಪಾಯಸ ತಿಂದ ಮೇಲೆ ಏನಾಗುತ್ತೆ ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಮೊದಲ ಸಲ ತಿಂದ ನೆಂಟರು ಮೂತ್ರ ಕೆಂಪಾಯಿತು ಅಂತ ಗಾಬರಿಯಾಗುತ್ತಾರೆ, ಅಷ್ಟೇ.

ಸಿಕ್ಕಿದ್ದು ಏಳು ರಿಜಿಸ್ಟರ್. ನಾಲ್ಕನ್ನು ಗೆದ್ದಲು ತಿಂದು ಮುಗಿಸಿತ್ತು. ಒಂದು ಒಣಗಿತ್ತು. ಎರಡು ಒದ್ದೆ ಮುದ್ದೆ. ಮನೆಗೆ ಬರುವಷ್ಟರಲ್ಲಿ ಮಳೆ ಹೊಳವಾಗಿ ಚೂರು ಬಿಸಿಲು ಬಂತು. ನಮ್ಮಲ್ಲಿ ಕಾಫಿ, ಮೆಣಸು, ಹಪ್ಪಳ, ಹಾಸಿಗೆ ಎಲ್ಲವನ್ನೂ ಕಣದಲ್ಲೇ ಒಣಗಿಸುವುದು. ಒದ್ದೆ ರಿಜಿಸ್ಟರ್ ಎರಡನ್ನೂ ಕಣದಲ್ಲಿ ಹರವಿ ಊಟಕ್ಕೆ ಕೂತೆ. ಊಟ ಮುಗಿಸಿ ನೋಡಿದರೆ ರಟ್ಟು ಹಪ್ಪಳದ ಹಾಗೆ ಸೊಟ್ಟಗಾಗಿತ್ತು, ಹಾಳೆಗಳು ಅಂಟಿಕೊಂಡಿದ್ದವು. ಒಂದನ್ನು ಎತ್ತಿ ಒಳಗೆ ತಂದೆ. ಇನ್ನೊಂದಕ್ಕೆ ಹೋಗುವ ಮೊದಲೇ ಮಳೆ ಹೊಯ್ದುಬಿಟ್ಟಿತು. ಅಜ್ಜನ ನೀಲಿ ಶಾಯಿ ಕಣದ ಸಿಮೆಂಟಿನ ಮೇಲೆ ಹರಿದು ಚರಂಡಿ ಸೇರಿತು. ಹೆಂಚಿನ ಕೆಳಗೆ ಅಷ್ಟು ವರ್ಷ ಉಳಿದಿದ್ದನ್ನು ನಾನು ಒಂದು ಊಟದ ಹೊತ್ತಿನಲ್ಲಿ ಕಳೆದೆ.

ಕಾಲೇಜಿನ ಗೆಳತಿಯೊಬ್ಬಳು ಬೆಂಗಳೂರಿನಲ್ಲಿ ಹಳೆಯ ಕಾಗದ ಕಾಪಾಡುವ ಕೆಲಸದಲ್ಲಿದ್ದಾಳೆ. ಅವಳಿಗೆ ಫೋನ್ ಮಾಡಿದೆ.

"ಬಿಸಿಲಿಗಾ? ಏನ್ ಮಾರಾಯ ನೀನು!"

ಆಮೇಲೆ ಒಂದೊಂದಾಗಿ ಹೇಳಿದಳು. ಒದ್ದೆ ಹಾಳೆ ಬಿಡಿಸಲು ಹೋಗಬೇಡ. ಸೆಲ್ಲೋಟೇಪು ಅಂಟಿಸಬೇಡ. ಲ್ಯಾಮಿನೇಷನ್ ಮಾಡಿಸಿದರೆ ನಾನು ನಿನ್ನ ಹತ್ತಿರ ಮಾತೇ ಆಡಲ್ಲ. ನಂಬರ್ ಹಾಕುವುದಾದರೆ ಪೆನ್ಸಿಲ್‌ನಲ್ಲಿ ಮಾತ್ರ. ಈಗಲೇ ಬಟರ್ ಪೇಪರ್‌ನಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಫ್ರೀಜರ್‌ನಲ್ಲಿಡು. ಬೂಸ್ಟು ಸಾಯುವುದಿಲ್ಲ, ಆದರೆ ಬೆಳೆಯುವುದು ನಿಲ್ಲುತ್ತೆ. ಮಳೆ ಕಡಿಮೆಯಾದ ಮೇಲೆ ತೆಗೆದು, ಹಾಳೆಗಳ ನಡುವೆ ಬ್ಲಾಟಿಂಗ್ ಪೇಪರ್ ಇಟ್ಟು ಫ್ಯಾನ್ ಗಾಳಿಯಲ್ಲಿ ಆರಿಸೋಣ.

ಹೀಗೆ ಕಣದಿಂದ ಎತ್ತಿ ತಂದದ್ದು ಮಾಂಸದ ಪಕ್ಕ ಸೇರಿತು.

ರಾತ್ರಿ ಮಾಸ್ಕ್ ಹಾಕಿಕೊಂಡು, ಮೆತ್ತನೆಯ ಬ್ರಶ್ಶಿನಲ್ಲಿ ಧೂಳು ಒರೆಸುತ್ತಾ, ಒಣಗಿದ ರಿಜಿಸ್ಟರ್ ತೆರೆದೆ. ಹೆಸರು, ವಯಸ್ಸು, ಲೈನ್ (ಕಾರ್ಮಿಕರ ಸಾಲುಮನೆ) ನಂಬರ್, ಕಾಯಿಲೆ, ಕೊಟ್ಟ ಮದ್ದು. ಮೊದಲ ಪುಟಗಳಲ್ಲಿ ಕಾಯಿಲೆಯ ಸಾಲಿನಲ್ಲಿ ಮೇಲೊಂದು ಸಲ 'ಮಲೇರಿಯಾ', ಕೆಳಗೆ ಪೂರ್ತಿ ಡಿಟ್ಟೋ ಗುರುತು. ಮದ್ದಿನ ಸಾಲಿನಲ್ಲೂ 'ಕ್ವಿನೈನ್', ಡಿಟ್ಟೋ, ಡಿಟ್ಟೋ. ಮಕ್ಕಳ ಹೆಸರಿನ ಮುಂದೆ 'ಸ್ಪ್ಲೀನ್ 2', 'ಸ್ಪ್ಲೀನ್ 3'. ನನಗೆ ತಲೆಬುಡ ತಿಳಿಯಲಿಲ್ಲ. ಅಮ್ಮ ಹೇಳಿದರು. "ಜ್ವರಗಡ್ಡೆ ಕಣೋ. ಮಕ್ಕಳನ್ನ ಬೆಂಚಿನ ಮೇಲೆ ಮಲಗಿಸಿ ಹೊಟ್ಟೆ ಒತ್ತಿ ನೋಡ್ತಿದ್ರು. ಪಕ್ಕೆಲುಬಿನ ಕೆಳಗೆ ಎಷ್ಟು ಬೆರಳು ಬಂದಿದೆ ಅಂತ." ಒಂದು ಊರಲ್ಲಿ ಎಷ್ಟು ಮಲೇರಿಯಾ ಇದೆ ಅಂತ ತಿಳಿಯಲು ಆಗಿನ ಡಾಕ್ಟರುಗಳು ಮಕ್ಕಳ ಗುಲ್ಮ, ಅಂದರೆ ಸ್ಪ್ಲೀನ್, ಎಷ್ಟು ಊದಿದೆ ಅಂತಲೇ ನೋಡುತ್ತಿದ್ದರು. ಅಜ್ಜನ ಬೆರಳು ಅಳತೆಗೋಲಾಗಿತ್ತು.

1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ, ಮನೆಮನೆಗೆ ಡಿಡಿಟಿ ಹೊಡೆದರು. ಅದನ್ನು ಪಾಠದಲ್ಲಿ ಓದಿದ್ದೆ. ಇಲ್ಲಿ ಪುಟ ಮಗುಚುತ್ತಾ ಹೋದ ಹಾಗೆ ಡಿಟ್ಟೋಗಳೇ ಕಡಿಮೆಯಾಗುತ್ತವೆ. ಮರಕಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಮಾಡುವಾಗ ಬಿದ್ದವರು, ಮೆಣಸಿನ ಏಣಿಯಿಂದ ಜಾರಿದವರು, ಜಿಗಣೆ ಕಚ್ಚಿ ಹುಣ್ಣಾದವರು ಬರುತ್ತಾರೆ. ಕೊನೆಕೊನೆಗೆ ಒಬ್ಬೊಬ್ಬರಿಗೂ ಅವರದೇ ಕಾಯಿಲೆ.

ಮನೆಯಲ್ಲಿ ಏನು ಕಷಾಯ ಕುಡಿದು ಬಂದಿದ್ದರು ಅಂತ ಮಾತ್ರ ಎಲ್ಲೂ ಇಲ್ಲ. ಅಜ್ಜನೇ ವರ್ಷಾ ವರ್ಷ ಮದ್ದುಪಾಯಸ ತಿನ್ನುತ್ತಿದ್ದರು. ಅದನ್ನು ಬರೆಯಲು ಕಾಲಂ ಇರಲಿಲ್ಲ.

ಒಂದು ಪುಟದ ಫೋಟೋ ತೆಗೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಲು ಹೊರಟಿದ್ದೆ. ಅಮ್ಮ ಕನ್ನಡಕ ಏರಿಸಿ ನೋಡಿ, ಒಂದು ಹೆಸರಿನ ಮೇಲೆ ಬೆರಳಿಟ್ಟರು. "ಇವಳ ಮೊಮ್ಮಗ ನಮ್ಮ ಆಟೋ ಓಡಿಸೋನು ಅಲ್ವಾ?" ಆ ಹೆಸರಿನ ಮುಂದೆ ಇದ್ದದ್ದು ಊರಲ್ಲಿ ಹೇಳಿಕೊಳ್ಳುವ ಕಾಯಿಲೆಯಲ್ಲ. ಫೋನ್ ಕೆಳಗಿಟ್ಟೆ. ತೋಟದ ಬಂಗಲೆಯ ಗೋಡೆಯ ಮೇಲೆ ದೊರೆಗಳ ಫೋಟೋ ಸಾಲಾಗಿವೆ. ಲೈನ್‌ಮನೆಯವರ ಹೆಸರು ಉಳಿದಿರುವುದು ಇಂಥ ಪುಸ್ತಕದಲ್ಲಿ, ಅದೂ ಕಾಯಿಲೆಯ ಜೊತೆ. ಗೆಳತಿಯನ್ನು ಕೇಳಿದೆ. ಪುಟಗಳ ಫೋಟೋ ತೆಗೆದಿಡು, ಯಾರಿಗಾದರೂ ತೋರಿಸುವಾಗ ಹೆಸರಿನ ಕಾಲಂ ಮುಚ್ಚು ಅಂದಳು. ಈಗ ಅದಕ್ಕೊಂದು ರಟ್ಟಿನ ಪಟ್ಟಿ ಕತ್ತರಿಸಿಟ್ಟುಕೊಂಡಿದ್ದೇನೆ.

ನನ್ನ ಹೆಂಡತಿ ದಿನಕ್ಕೊಂದು ಸಲ ಫ್ರೀಜರ್ ಬಾಗಿಲು ತೆರೆದು ಕೇಳುತ್ತಾಳೆ. "ಏನ್ರೀ, ಇದನ್ನ ಯಾವಾಗ ಹೊರಗೆ ತೆಗೀತೀರಾ? ಕೈಲ್‌ಪೊಳ್ದ್ ಹಬ್ಬಕ್ಕೆ ಇನ್ನೂ ಐದು ಕೆಜಿ ಬರುತ್ತೆ."